ರ‍್ಯಾಲಿಗಾಗಿ ಎತ್ತರಿಸಿದ ಒಂದು ಪೋರ್ಷೆ 911: ಕೀನ್ಯಾದ ಪ್ರಕರಣ ಅಧ್ಯಯನ

ಈ ಪ್ರಕರಣದ ಕೇಂದ್ರದಲ್ಲಿರುವುದು 1980ರ ದಶಕದ ಆರಂಭದಲ್ಲಿ ತಯಾರಾದ ಒಂದು ಪೋರ್ಷೆ 911 ಎಸ್‌ಸಿ ಕಾರು. ಕೀನ್ಯಾದ ಮಣ್ಣುರಸ್ತೆಗಳಲ್ಲಿ ಹಲವು ದಿನ ನಡೆಯುವ, ಹಳೆಯ ಕಾರುಗಳಿಗೆಂದೇ ಮೀಸಲಾದ ರ‍್ಯಾಲಿಯೊಂದಕ್ಕೆ ಅದನ್ನು ಸಿದ್ಧಪಡಿಸಲಾಗಿತ್ತು. ಕಾರಿನ ಮಾಲೀಕರೇ ಚಾಲಕರು. ಯುರೋಪಿನ ಡಾಂಬರು ಟ್ರ್ಯಾಕ್‌ಗಳಲ್ಲಿ ವರ್ಷಗಟ್ಟಲೆ ಓಡಿಸಿ ಪಳಗಿದವರಾದರೂ ಆಫ್ರಿಕದ ರಸ್ತೆಗೆ ಅವರು ಹೊಸಬರು. ಅವರ ಹೆಸರು, ಸ್ಪರ್ಧೆ ನಡೆದ ವರ್ಷ, ಗಳಿಸಿದ ಸ್ಥಾನ, ಕಾರನ್ನು ಸಜ್ಜುಗೊಳಿಸಿದ ಗ್ಯಾರೇಜು ಇವೆಲ್ಲವನ್ನೂ ಇಲ್ಲಿ ಬಿಟ್ಟಿದ್ದೇನೆ. ಅಳತೆಗಳನ್ನು ಸುಮಾರಾಗಿ ಕೊಟ್ಟಿದ್ದೇನೆ. ತಂಡ ಯಾವ ಹೊತ್ತಿನಲ್ಲಿ ಏನನ್ನು ನಿರ್ಧರಿಸಿತು, ಏಕೆ ನಿರ್ಧರಿಸಿತು ಎಂಬುದಷ್ಟೇ ಈ ಬರಹದ ವಿಷಯ.

ಹಿನ್ನೆಲೆ

911 ಕಾರನ್ನು ಕಚ್ಚಾ ರಸ್ತೆಗೆ ಒಯ್ಯುವುದು ಹೊಸ ಹುಚ್ಚೇನಲ್ಲ. ಕೀನ್ಯಾದಲ್ಲಿ ನಡೆದ 1978ರ ಸಫಾರಿ ರ‍್ಯಾಲಿಗೆ ಪೋರ್ಷೆ ಕಂಪನಿಯೇ ಎರಡು 911 ಎಸ್‌ಸಿ ಕಾರುಗಳನ್ನು ತಳಕ್ಕೂ ನೆಲಕ್ಕೂ ಸುಮಾರು 28 ಸೆಂಟಿಮೀಟರ್ ಅಂತರವಿರುವಂತೆ ಎತ್ತರಿಸಿ ಕಳುಹಿಸಿತ್ತು. ವಿಕ್ ಪ್ರೆಸ್ಟನ್ ಜೂನಿಯರ್ ಎರಡನೆಯವರಾಗಿ, ಬ್ಯೋರ್ನ್ ವಾಲ್ಡೆಗಾರ್ಡ್ ನಾಲ್ಕನೆಯವರಾಗಿ ಮುಗಿಸಿದರು. ಗೆದ್ದದ್ದು ಝಾನ್ ಪಿಯರ್ ನಿಕೊಲಾ ಅವರ ಪ್ಯೂಜೊ 504. ಆಫ್ರಿಕದ ಟ್ಯಾಕ್ಸಿ ನಿಲ್ದಾಣಗಳಲ್ಲಿ ಸಾಲುಸಾಲಾಗಿ ನಿಲ್ಲುತ್ತಿದ್ದ ಕಾರಿನ ಕುಲಕ್ಕೆ ಸೇರಿದ್ದು ಅದು. ಆರು ವರ್ಷಗಳ ಬಳಿಕ, 1984ರ ಪ್ಯಾರಿಸ್–ಡಕಾರ್ ಮರುಭೂಮಿ ಸ್ಪರ್ಧೆಯಲ್ಲಿ ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಯುವ 911 ಕಾರಿನಲ್ಲಿ ರೆನೆ ಮೆಟ್ಜ್ ಗೆದ್ದರು; ವಿದ್ಯುತ್ ದೋಷದಿಂದ ನೂರಕ್ಕೂ ಹೆಚ್ಚು ಸ್ಥಾನ ಹಿಂದೆ ಬಿದ್ದಿದ್ದ ಜಾಕಿ ಇಕ್ಸ್ ಆರನೆಯ ಸ್ಥಾನಕ್ಕೆ ಏರಿ ಬಂದರು. ಆ ಗೆಲುವಿನ ನೆನಪನ್ನೇ ಬಂಡವಾಳ ಮಾಡಿಕೊಂಡು ಕಂಪನಿ 2022ರಲ್ಲಿ 911 ಡಕಾರ್ ಎಂಬ ಮಾದರಿಯನ್ನು 2,500 ಕಾರುಗಳ ಮಿತಿಯಲ್ಲಿ ಹೊರತಂದಿತು. ಅದೇ ವರ್ಷ ಲಂಬೋರ್ಗಿನಿ ತನ್ನ ಹುರಾಕಾನ್ ಕಾರನ್ನು 44 ಮಿಲಿಮೀಟರ್ ಎತ್ತರಿಸಿ ಸ್ಟೆರಾಟೊ ಎಂದು ಹೆಸರಿಟ್ಟಿತು. ಈ ಹೊಸ ಕಾರುಗಳ ಚಿತ್ರಗಳನ್ನು ನೋಡಿದವರಿಗೆ, ಕ್ರೀಡಾ ಕಾರನ್ನು ಎತ್ತರಿಸಿ, ಒರಟು ಟೈರ್ ತೊಡಿಸಿ, ಮುಂದೆ ನಾಲ್ಕು ದೀಪ ಕಟ್ಟಿದರೆ ಅದು ರ‍್ಯಾಲಿ ಕಾರಾಗಿಬಿಡುತ್ತದೆ ಎಂಬ ಭಾವನೆ ಮೂಡಿದರೆ ಆಶ್ಚರ್ಯವಿಲ್ಲ. ನಮ್ಮ ಚಾಲಕರದ್ದೂ ಹೆಚ್ಚುಕಡಿಮೆ ಅದೇ ಭಾವನೆ.

ಹಳೆಯ 911ಗೆ ಇಂಥ ಕೆಲಸಕ್ಕೆ ಬೇಕಾದ ಕೆಲವು ಹುಟ್ಟುಗುಣಗಳಿವೆ. ಎಂಜಿನ್ನಿನ ಭಾರ ಹಿಂದಿನ ಚಕ್ರಗಳ ಮೇಲೆಯೇ ಕೂರುವುದರಿಂದ ಸಡಿಲ ಮಣ್ಣಿನಲ್ಲೂ ಅವು ನೆಲವನ್ನು ಕಚ್ಚುತ್ತವೆ. ಗಾಳಿಯಿಂದ ತಣಿಯುವ ಎಂಜಿನ್ ಆದ್ದರಿಂದ ಕಲ್ಲು ಬಡಿದು ಒಡೆಯಲು ಮುಂದೆ ನೀರಿನ ರೇಡಿಯೇಟರೇ ಇಲ್ಲ. ಸ್ಪ್ರಿಂಗ್ ಸುರುಳಿಗಳ ಬದಲು ಟಾರ್ಷನ್ ಬಾರ್, ಅಂದರೆ ತಿರುಚಿಕೊಂಡು ಭಾರ ಹೊರುವ ಉಕ್ಕಿನ ಸಲಾಕೆಗಳಿದ್ದು, ಅವು ಕಾರಿನ ತಳದೊಳಗೆ ಸುರಕ್ಷಿತವಾಗಿ ಅಡಗಿರುತ್ತವೆ. ಆದರೆ ಅದೇ ಎಂಜಿನ್ ಕಾರಿನ ಬಾಲದಲ್ಲಿ ನೆಲಕ್ಕೆ ಹತ್ತಿರವಾಗಿ ತೂಗುತ್ತದೆ. ಎಂಜಿನ್ ಎಣ್ಣೆಯನ್ನು, ಅದನ್ನು ತಣಿಸುವ ಮುಂದಿನ ಕೂಲರ್‌ಗೆ ಒಯ್ದು ತರುವ ಲೋಹದ ಪೈಪುಗಳು ಬಲಬದಿಯ ಬಾಗಿಲಿನ ಕೆಳಗೆ, ಹೊರಗೇ, ಕಲ್ಲಿಗೆ ಸಿಗುವಂತೆ ಹಾದುಹೋಗುತ್ತವೆ. ಈ ಪ್ರಕರಣದಲ್ಲಿ ನಡೆದದ್ದೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಈ ರಚನೆಯಿಂದಲೇ ಹುಟ್ಟಿತು.

ಗ್ಯಾರೇಜಿಗೆ ಚಾಲಕರು ಕೊಟ್ಟ ಸೂಚನೆ ಸರಳವಾಗಿತ್ತು: 1978ರ ಕಾರಿನಷ್ಟೇ ಎತ್ತರ ಬೇಕು, ತಳ ಪೂರ್ತಿ ಮುಚ್ಚಿರಬೇಕು, ದಾರಿಯಲ್ಲಿ ಏನು ಮುರಿದರೂ ಕಟ್ಟಿಕೊಂಡು ಮುಂದೆ ಹೋಗುವಷ್ಟು ಸಾಮಾನು ಕಾರಿನಲ್ಲೇ ಇರಬೇಕು. ಗ್ಯಾರೇಜು ಹೇಳಿದ್ದನ್ನು ಅಚ್ಚುಕಟ್ಟಾಗಿ ಮಾಡಿಕೊಟ್ಟಿತು. ಮುಂಭಾಗದಿಂದ ಎಂಜಿನ್ನಿನ ಹಿಂಚೂಣಿಯವರೆಗೆ ದಪ್ಪ ಅಲ್ಯೂಮಿನಿಯಂ ತಗಡಿನ ಸಂಪ್ ಗಾರ್ಡ್, ಅಂದರೆ ತಳಕ್ಕೆ ಕಲ್ಲು ಬಡಿಯದಂತೆ ತಡೆಯುವ ಕವಚ, ಬಂತು. ಎರಡು ಸ್ಟೆಪ್ನಿ, ದೊಡ್ಡ ಇಂಧನ ಟ್ಯಾಂಕ್, ಜ್ಯಾಕ್, ಸಲಿಕೆ, ಬಿಡಿಭಾಗಗಳ ಪೆಟ್ಟಿಗೆ ಎಲ್ಲವೂ ಸೇರಿದವು. 1978ರ ಕಾರು 1,200 ಕಿಲೋಗ್ರಾಂನೊಳಗೇ ಇತ್ತು ಎಂಬುದನ್ನು ಆಗ ಯಾರೂ ತಕ್ಕಡಿಗೆ ಇಟ್ಟು ನೋಡಲಿಲ್ಲ. ಈ ಕಾರು ಹಡಗು ಹತ್ತುವಾಗ ಅದಕ್ಕಿಂತ ಸುಮಾರು 200 ಕಿಲೋಗ್ರಾಂ ಹೆಚ್ಚು ತೂಗುತ್ತಿತ್ತು.

ಮೊದಲ ಪರೀಕ್ಷೆ

ಸ್ಪರ್ಧೆಗೆ ಕೆಲವೇ ದಿನ ಮುಂಚೆ ಕಾರು ಮೊಂಬಾಸಾ ಬಂದರಿನಲ್ಲಿ ಇಳಿದು ನೈರೋಬಿಗೆ ಬಂತು. ಅಲ್ಲಿ ತಂಡವನ್ನು ಸೇರಿಕೊಂಡವರು ಒಬ್ಬ ಹಿರಿಯ ಮೆಕ್ಯಾನಿಕ್. ಭಾರತದಿಂದ ಮೂರು ತಲೆಮಾರುಗಳ ಹಿಂದೆ ಹೋಗಿ ನೆಲೆಸಿದ ಮನೆತನದವರು. ಕೀನ್ಯಾದ ರ‍್ಯಾಲಿ ಲೋಕದಲ್ಲಿ ಭಾರತೀಯ ಮೂಲದವರ ಬೇರು ಆಳವಾಗಿದೆ. 1965ರಲ್ಲಿ ವೋಲ್ವೊದಲ್ಲಿ, 1974 ಮತ್ತು 1976ರಲ್ಲಿ ಮಿತ್ಸುಬಿಶಿಯಲ್ಲಿ ಸಫಾರಿ ಗೆದ್ದ ಜೋಗಿಂದರ್ ಸಿಂಗ್ ಅವರ ಹೆಸರು ಅಲ್ಲಿನ ಹಳಬರ ಬಾಯಲ್ಲಿ ಈಗಲೂ ಇದೆ. ಈ ಮೆಕ್ಯಾನಿಕ್ ಕಾರನ್ನು ನೋಡಿ ಹೊಗಳಲೂ ಇಲ್ಲ, ತೆಗಳಲೂ ಇಲ್ಲ. ಹಿಂದಿನ ಬಂಪರಿನ ಮೇಲೆ ಎರಡೂ ಕೈ ಊರಿ ಒತ್ತಿ ಬಿಟ್ಟರು. ಕಾರು ಕೆಳಗಿಳಿದು ಮೇಲೆದ್ದು ತಟ್ಟನೆ ನಿಂತಿತು. ಮೇಲಕ್ಕೆ ಹೋಗಲು ಅದಕ್ಕೆ ಜಾಗವೇ ಉಳಿದಿಲ್ಲ ಎಂದಷ್ಟೇ ಅವರು ಹೇಳಿದರೆಂದು ದಾಖಲೆಯಲ್ಲಿದೆ.

ಮರುದಿನ ದಕ್ಷಿಣದ ಬಯಲಿನಲ್ಲಿ ನಡೆದ ಪರೀಕ್ಷೆಯಲ್ಲಿ ಎರಡು ದೋಷಗಳು ಒಟ್ಟಿಗೇ ಕಾಣಿಸಿಕೊಂಡವು. ಅರ್ಧ ಗಂಟೆಯೊಳಗೆ ಎಣ್ಣೆಯ ಉಷ್ಣತೆ 130 ಡಿಗ್ರಿ ಸೆಲ್ಸಿಯಸ್ ಸಮೀಪಕ್ಕೆ ಏರಿ ಇಳಿಯಲೊಲ್ಲದಾಯಿತು. ಇನ್ನೊಂದು ಕಡೆ, ಅಲೆ ಅಲೆಯಾಗಿ ಏರಿಳಿಯುವ ರಸ್ತೆಯಲ್ಲಿ ಹಿಂದಿನ ಚಕ್ರಗಳು ಪದೇಪದೇ ನೆಲ ಬಿಟ್ಟು ಗಾಳಿಯಲ್ಲಿ ತಿರುಗಿ, ಮತ್ತೆ ನೆಲ ಮುಟ್ಟುವಾಗ ಇಡೀ ಗೇರ್‌ಬಾಕ್ಸ್ ಒದರುವಂಥ ಹೊಡೆತ ಕೊಡುತ್ತಿದ್ದವು. ಸಂಜೆ ಕಾರನ್ನು ಎತ್ತಿ ನೋಡಿದಾಗ ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಶಕ್ತಿ ಒಯ್ಯುವ ಒಂದು ಡ್ರೈವ್ ಶಾಫ್ಟಿನ ಕೀಲಿಗೆ ಹೊದಿಸಿದ ರಬ್ಬರ್ ಬೂಟ್ ಹರಿದು, ಒಳಗಿನ ಗ್ರೀಸ್ ಚಕ್ರದ ಒಳಬದಿಗೆಲ್ಲ ಎರಚಿ, ಅದರ ಮೇಲೆ ಧೂಳು ಕೂತು ಗಟ್ಟಿಯಾಗಿತ್ತು.

ಅಂದಿನ ಚರ್ಚೆಯಲ್ಲಿ ಮೂಡಿದ ಮೊದಲ ಪರಿಹಾರಗಳು ಎರಡೂ ಏನನ್ನಾದರೂ ಸೇರಿಸುವ ಪರಿಹಾರಗಳೇ. ಉಷ್ಣತೆಗೆ ಇನ್ನೂ ದೊಡ್ಡ ಆಯಿಲ್ ಕೂಲರ್, ಹೊಡೆತಕ್ಕೆ ಇನ್ನೂ ದಪ್ಪದ ಟಾರ್ಷನ್ ಬಾರ್. ಎರಡನ್ನೂ ಯುರೋಪಿನಿಂದ ವಿಮಾನದಲ್ಲಿ ತರಿಸಲು ಚಾಲಕರು ಸಿದ್ಧರಿದ್ದರು. ಮೆಕ್ಯಾನಿಕ್ ಕೇಳಿಕೊಂಡದ್ದು ಒಂದೇ: ತರಿಸುವ ಮೊದಲು ಒಂದು ಬೆಳಗ್ಗೆ ತಮಗೆ ಬಿಟ್ಟುಕೊಡಬೇಕು.

ಕಳೆದು ನೋಡುವ ಕ್ರಮ

ಅವರು ಮಾಡಿದ್ದು ಇಷ್ಟೇ. ಸಂಪ್ ಗಾರ್ಡಿನ ಹಿಂಭಾಗವನ್ನು ಬಿಚ್ಚಿಹಾಕಿ, ಅದೇ ರಸ್ತೆಯಲ್ಲಿ, ಅದೇ ವೇಗದಲ್ಲಿ, ಅದೇ ಹೊತ್ತಿಗೆ ಓಡಿಸಲು ಹೇಳಿದರು. ಎಣ್ಣೆಯ ಉಷ್ಣತೆ 110ರ ಆಸುಪಾಸಿಗೆ ಇಳಿದು ಅಲ್ಲೇ ನಿಂತಿತು.

ಕಾರಣ ಗೊತ್ತಾದ ಮೇಲೆ ಸರಳವೆನಿಸುತ್ತದೆ. ಈ ಎಂಜಿನ್ನಿನ ಮೇಲಿರುವ ಫ್ಯಾನ್ ಹಿಂದಿನ ಮುಚ್ಚಳದ ಜಾಲರಿಯಿಂದ ಗಾಳಿಯನ್ನು ಸೆಳೆದು, ಮಲಗಿಸಿದಂತಿರುವ ಆರು ಸಿಲಿಂಡರುಗಳ ರೆಕ್ಕೆಗಳ ನಡುವೆ ಮೇಲಿಂದ ಕೆಳಕ್ಕೆ ತಳ್ಳುತ್ತದೆ. ಬಿಸಿಯಾದ ಗಾಳಿ ತಳದಿಂದ ಹೊರಬೀಳಬೇಕು. ತಳವನ್ನು ತಗಡಿನಿಂದ ಮುಚ್ಚಿದರೆ, ಹೊಗೆ ಹೋಗಲು ಗವಾಕ್ಷಿಯಿಲ್ಲದ ಅಡುಗೆಮನೆಯಂತೆ ಎಂಜಿನ್ ತನ್ನ ಬಿಸಿಯಲ್ಲಿ ತಾನೇ ಬೇಯುತ್ತದೆ. ನೈರೋಬಿ ಸಮುದ್ರಮಟ್ಟದಿಂದ ಸುಮಾರು 1,800 ಮೀಟರ್ ಎತ್ತರದಲ್ಲಿದೆ. ಅಲ್ಲಿನ ತೆಳುಗಾಳಿ ಎಂಜಿನ್ನಿನ ಶಕ್ತಿಯನ್ನು ತಗ್ಗಿಸುವುದಲ್ಲದೆ, ಶಾಖವನ್ನು ಹೊತ್ತೊಯ್ಯುವುದೂ ಕಡಿಮೆ. ಇಂಥ ಕಡೆ ದೊಡ್ಡ ಕೂಲರ್ ಹಾಕಿದ್ದರೆ ಎಣ್ಣೆಯ ಮಾಪಕದ ಮುಳ್ಳು ಸ್ವಲ್ಪ ಇಳಿಯುತ್ತಿತ್ತು, ಆದರೆ ಸಿಲಿಂಡರ್ ತಲೆಗಳು ಹಾಗೆಯೇ ಕಾಯುತ್ತಿದ್ದವು. ಮಾಪಕ ತೋರಿಸದ ಜಾಗದಲ್ಲಿ ಹಾನಿ ಮುಂದುವರಿಯುತ್ತಿತ್ತು.

ತಗಡನ್ನು ಬಿಟ್ಟು ಓಡಿಸುವಂತೆಯೂ ಇಲ್ಲ, ಕೆಳಗೆ ಕಲ್ಲು. ಆದ್ದರಿಂದ ಗಾರ್ಡನ್ನು ಕತ್ತರಿಸಲಾಯಿತು. ಗೇರ್‌ಬಾಕ್ಸಿನ ಕೆಳಗೆ ಮತ್ತು ಎಂಜಿನ್ನಿನ ನಡು ತಳದ ಕೆಳಗೆ ಮಾತ್ರ ಪೂರ್ಣ ತಗಡು ಉಳಿಯಿತು; ಎರಡೂ ಬದಿಯ ಸಿಲಿಂಡರುಗಳ ಕೆಳಗೆ, ಹಿಮ್ಮುಖವಾಗಿ ಬಾಯಿ ತೆರೆದ ಓರೆ ಪಟ್ಟಿಗಳನ್ನು ಬೆಸುಗೆ ಹಾಕಲಾಯಿತು. ಮುಂದಿನಿಂದ ಬರುವ ಕಲ್ಲು ಪಟ್ಟಿಯ ಬೆನ್ನಿಗೆ ಬಡಿದು ಜಾರುತ್ತದೆ, ಬಿಸಿಗಾಳಿ ಹಿಂದಕ್ಕೆ ಹೊರಡುತ್ತದೆ. ಇದೇ ಸಂದರ್ಭದಲ್ಲಿ ಇನ್ನೊಂದು ಸಂಗತಿಯೂ ಪತ್ತೆಯಾಯಿತು. ಎಂಜಿನ್ನಿನ ಕೀಲುಗಳಿಂದ ಜಿನುಗಿದ ಎಣ್ಣೆಯ ತೆಳುಪೊರೆಯ ಮೇಲೆ ಧೂಳು ಕೂತು, ಸುಟ್ಟು, ಸಿಲಿಂಡರಿನ ರೆಕ್ಕೆಗಳ ಸಂದುಗಳಲ್ಲಿ ಕರಕಲಾಗಿ ಅಂಟಿತ್ತು. ಅಂದಿನಿಂದ ಪ್ರತಿ ಸಂಜೆಯ ಸರ್ವಿಸ್‌ನಲ್ಲಿ ಈ ಸಂದುಗಳನ್ನು ಬ್ರಷ್ ಮತ್ತು ಸಂಕುಚಿತ ಗಾಳಿಯಿಂದ ಬಿಡಿಸುವ ಕೆಲಸ ಕಡ್ಡಾಯವಾಯಿತು. ಗಾಳಿಶೋಧಕದ ಕಾಗದದ ಮೇಲೆ ಎಣ್ಣೆ ಹಚ್ಚಿದ ಸ್ಪಂಜಿನ ಹೊದಿಕೆ ತೊಡಿಸಿ, ಸ್ಪಂಜನ್ನು ದಿನವೂ ಬದಲಿಸುವ ಕ್ರಮವೂ ಬಂತು. ಲಂಬೋರ್ಗಿನಿಯವರು ಸ್ಟೆರಾಟೊ ಕಾರಿನ ಛಾವಣಿಯ ಮೇಲೆ ಗಾಳಿಯ ಬಾಯಿ ಇಟ್ಟದ್ದು ಶೋಕಿಗಲ್ಲ. ಚಕ್ರ ಎಬ್ಬಿಸುವ ಧೂಳಿನಿಂದ ಆ ಬಾಯಿಯನ್ನು ಆದಷ್ಟು ಮೇಲಿಡುವುದೇ ಅದರ ಉದ್ದೇಶ.

ಎತ್ತರದ ಜಗಳ

ಶಾಖದ ವಿಷಯದಲ್ಲಿ ಮಾಪಕವೇ ಸಾಕ್ಷಿ ಹೇಳಿದ್ದರಿಂದ ವಾದವಿರಲಿಲ್ಲ. ಎತ್ತರದ ವಿಷಯದಲ್ಲಿ ಹಾಗಾಗಲಿಲ್ಲ, ಮತ್ತು ಈ ಪ್ರಕರಣದ ನಿಜವಾದ ತಿರುವು ಅಲ್ಲಿಯೇ ಇದೆ ಎಂಬುದು ನನ್ನ ಎಣಿಕೆ.

ಟಾರ್ಷನ್ ಬಾರ್ ಇರುವ ಕಾರನ್ನು ಎತ್ತರಿಸುವುದೆಂದರೆ ಸಲಾಕೆಯನ್ನು ಬಿಚ್ಚಿ, ಬೇರೆ ಕೋನದಲ್ಲಿ ಮತ್ತೆ ಕೂರಿಸುವುದು. ಚಕ್ರ ಕೆಳಕ್ಕೆ ಹೋಗುತ್ತದೆ, ಕಾರು ಮೇಲಕ್ಕೆ ಬರುತ್ತದೆ. ಆದರೆ ಚಕ್ರ ಒಟ್ಟು ಎಷ್ಟು ದೂರ ಮೇಲೆ ಕೆಳಗೆ ಚಲಿಸಬಲ್ಲದು ಎಂಬುದನ್ನು ನಿರ್ಧರಿಸುವುದು ಶಾಕ್ ಅಬ್ಸಾರ್ಬರಿನ ಉದ್ದ. ಅದು ಬದಲಾಗದಿದ್ದರೆ, ಎತ್ತರಿಸಿದ ಪ್ರತಿ ಮಿಲಿಮೀಟರೂ ಚಕ್ರ ಕೆಳಗಿಳಿಯಲು ಇದ್ದ ಅವಕಾಶದಿಂದಲೇ ಕಡಿತವಾಗುತ್ತದೆ. ಗ್ಯಾರೇಜು ಹಾಕಿದ್ದ ಶಾಕ್ ಅಬ್ಸಾರ್ಬರುಗಳು ಮೂಲಕ್ಕಿಂತ ಉದ್ದವಾಗಿದ್ದವು, ಆದರೆ 28 ಸೆಂಟಿಮೀಟರ್ ಎತ್ತರಕ್ಕೆ ಬೇಕಾದಷ್ಟಲ್ಲ. ಪರಿಣಾಮವಾಗಿ ಕಾರು ನಿಂತಲ್ಲೇ ಚಕ್ರಗಳು ಬಹುತೇಕ ಪೂರ್ತಿ ಇಳಿದಿದ್ದವು. ರಸ್ತೆಯಲ್ಲಿ ಒಂದು ತಗ್ಗು ಬಂದರೆ ಅದನ್ನು ಹಿಂಬಾಲಿಸಿ ಇಳಿಯಲು ಚಕ್ರಕ್ಕೆ ಜಾಗವಿಲ್ಲ. ನೆಲ ಕೈಬಿಡುತ್ತದೆ, ಎಂಜಿನ್ ಚೀರುತ್ತದೆ, ಮತ್ತೆ ನೆಲ ಸಿಕ್ಕಾಗ ಆ ವೇಗವೆಲ್ಲ ಒಂದೇ ಏಟಿಗೆ ಡ್ರೈವ್ ಶಾಫ್ಟಿನ ಕೀಲುಗಳ ಮೇಲೆ ಬೀಳುತ್ತದೆ. ಎತ್ತರದಿಂದಾಗಿ ಆ ಕೀಲುಗಳು ಮೊದಲೇ ಕಡಿದಾದ ಕೋನದಲ್ಲಿ ತಿರುಗುತ್ತಿದ್ದವು, ಹಾಗಾಗಿ ಮೊದಲೇ ಬಿಸಿಯಾಗಿದ್ದವು. ದಪ್ಪ ಸಲಾಕೆ ಹಾಕಿದ್ದರೆ ಇದು ಇನ್ನೂ ಬಿಗಡಾಯಿಸುತ್ತಿತ್ತು.

ಮೆಕ್ಯಾನಿಕ್ ಸೂಚಿಸಿದ್ದು, ಕಾರನ್ನು ಮೂರೂವರೆ ಸೆಂಟಿಮೀಟರಿನಷ್ಟು ಇಳಿಸಬೇಕು ಎಂದು. ಚಾಲಕರಿಗೆ ಇದು ತಲೆಕೆಳಗಾದ ಮಾತೆನಿಸಿತು. ಕಲ್ಲು ಬಡಿಯುತ್ತದೆಂದು ಹೆದರಿ ಎತ್ತರಿಸಿದ ಕಾರನ್ನು ಕಲ್ಲಿನ ನಾಡಿಗೆ ಬಂದ ಮೇಲೆ ಇಳಿಸುವುದೇ? ಇಡೀ ಒಂದು ಸಂಜೆ ಈ ವಾದದಲ್ಲಿ ಹೋಯಿತು. ಚಾಲಕರ ಆತಂಕದಲ್ಲಿ ಹುರುಳಿತ್ತು ಎಂಬುದನ್ನು ಇಲ್ಲಿ ಹೇಳಲೇಬೇಕು. ತಳ ಬಡಿದು ಸ್ಪರ್ಧೆಯಿಂದ ಹೊರಬಿದ್ದ ಕಾರುಗಳಿಗೆ ಆ ರ‍್ಯಾಲಿಗಳಲ್ಲಿ ಬರವಿಲ್ಲ. ಕೊನೆಗೆ ಸಹಚಾಲಕರು ಒಂದು ಪ್ರಶ್ನೆಯಿಂದ ವಾದವನ್ನು ಪಕ್ಕಕ್ಕೆ ತಿರುಗಿಸಿದರು: ಕಾರಿನಲ್ಲಿರುವ ಸಾಮಾನಿನಲ್ಲಿ ಸರ್ವಿಸ್ ವಾಹನ ಹೊತ್ತು ತರಲಾಗದಂಥದ್ದು ಯಾವುದು? ಪಟ್ಟಿ ಮಾಡಿ ನೋಡಿದರೆ ಸುಮಾರು 60 ಕಿಲೋಗ್ರಾಂ ಸಾಮಾನು ಕೇವಲ ಧೈರ್ಯಕ್ಕಾಗಿ ಕಾರಿನಲ್ಲಿತ್ತು. ಅದನ್ನು ಇಳಿಸಿದರೆ ಕಾರು ಕುಕ್ಕರಿಸುವುದು ಕಡಿಮೆಯಾಗುತ್ತದೆ, ಆದ್ದರಿಂದ ನಿಂತಾಗಿನ ಎತ್ತರ ಕಡಿಮೆಯಾದರೂ ಓಡುವಾಗ ತಳಕ್ಕೂ ನೆಲಕ್ಕೂ ಉಳಿಯುವ ಅಂತರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಈ ಲೆಕ್ಕಕ್ಕೆ ಚಾಲಕರು ಒಪ್ಪಿದರು, ಪೂರ್ತಿ ಮನಸ್ಸಿನಿಂದಲ್ಲ.

ಇಳಿಸುವ ಕೆಲಸ ಹೇಳಿದಷ್ಟು ಸುಲಭವಲ್ಲ. ಹಿಂದಿನ ಸಲಾಕೆಯ ಒಳತುದಿಯಲ್ಲಿ 40 ಹಲ್ಲುಗಳೂ ಹೊರತುದಿಯಲ್ಲಿ 44 ಹಲ್ಲುಗಳೂ ಇರುತ್ತವೆ. ಒಳಗೆ ಒಂದು ಹಲ್ಲು ಎಂದರೆ 9 ಡಿಗ್ರಿ, ಹೊರಗೆ ಒಂದು ಹಲ್ಲು ಎಂದರೆ 8 ಡಿಗ್ರಿಗೆ ಸ್ವಲ್ಪ ಹೆಚ್ಚು. ಒಳಗೊಂದು ಹಲ್ಲು ಒಂದು ದಿಕ್ಕಿಗೆ, ಹೊರಗೊಂದು ಹಲ್ಲು ವಿರುದ್ಧ ದಿಕ್ಕಿಗೆ ಸರಿಸಿದರೆ ಉಳಿಯುವ ವ್ಯತ್ಯಾಸ ಒಂದು ಡಿಗ್ರಿಗೂ ಕಡಿಮೆ. ಚಕ್ರದ ಬಳಿ ಅದು ಕೆಲವೇ ಮಿಲಿಮೀಟರ್. ಪ್ರತಿ ಹೆಜ್ಜೆಗೂ ಸಲಾಕೆಯನ್ನು ಚಕ್ರಕ್ಕೆ ಜೋಡಿಸುವ ಸ್ಪ್ರಿಂಗ್ ಪ್ಲೇಟಿನ ಮುಚ್ಚಳ ಬಿಚ್ಚಿ, ಬಿಳಿ ಬಣ್ಣದಿಂದ ಗುರುತು ಹಾಕಿ, ಗ್ರೀಸ್ ಬಳಿದ ಸಲಾಕೆಯನ್ನು ಎಳೆದು, ಎಣಿಸಿ ಮತ್ತೆ ತೂರಿಸಬೇಕು. ಎಡ ಬಲ ಒಂದೇ ಆಗಬೇಕು. ಮೆಕ್ಯಾನಿಕ್ ಇದನ್ನು ರಾತ್ರಿ ಮಾಡಿ ಮುಗಿಸಿ, ಬೆಳಗ್ಗೆ ಚಕ್ರಗಳ ಓರೆಯನ್ನೂ ಸ್ಟೀರಿಂಗ್ ಕಡ್ಡಿಗಳ ಕೋನವನ್ನೂ ಹೊಸ ಎತ್ತರಕ್ಕೆ ಹೊಂದಿಸಿದರು. ಈ ಎರಡನೆಯ ಕೆಲಸವನ್ನು ಮರೆತು ಬರಿ ಎತ್ತರ ಬದಲಿಸಿ ಓಡಿಸುವವರು ಬಹಳ, ಆಮೇಲೆ ಗುಂಡಿಗೆ ಬಿದ್ದಾಗಲೆಲ್ಲ ಸ್ಟೀರಿಂಗ್ ತಾನಾಗಿ ಎಳೆಯುತ್ತದೆಂದು ದೂರುತ್ತಾರೆ.

ಸ್ಪರ್ಧೆಯಲ್ಲಿ

ಮೊದಲ ದಿನಗಳ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ತ್ಸಾವೊ ಕಡೆಯ ಕೆಂಪು ಗರಸು ರಸ್ತೆಗಳಲ್ಲಿ ಕಾರು ನೆಲ ಹಿಡಿದು ಓಡಿತು, ಉಷ್ಣತೆ ಮಿತಿಯಲ್ಲಿತ್ತು, ಸಂಪ್ ಗಾರ್ಡಿನ ಮೇಲೆ ಗೀರುಗಳು ಬಿದ್ದವು ಅಷ್ಟೇ. ಒಂದು ಮಧ್ಯಾಹ್ನ ಮಳೆ ಸುರಿದು ರಸ್ತೆ ಕಪ್ಪು ಜೇಡಿಯಾಯಿತು. ಧಾರವಾಡ, ಗದಗದ ಎರೆಹೊಲಗಳ ನಡುವಿನ ದಾರಿಯಲ್ಲಿ ಮಳೆಗಾಲದಲ್ಲಿ ಬೈಕ್ ಓಡಿಸಿದವರಿಗೆ ಆ ಮಣ್ಣಿನ ಸ್ವಭಾವ ವಿವರಿಸಬೇಕಿಲ್ಲ. ಮಡ್‌ಗಾರ್ಡಿನೊಳಗೆ ಮಣ್ಣು ತುಂಬಿ ಚಕ್ರ ತಿರುಗುವುದೇ ನಿಲ್ಲುತ್ತದೆ. ಹಲವು ಕಾರುಗಳು ಅಲ್ಲಿ ಹೂತವು. ಈ ಕಾರು ನಿಧಾನವಾಗಿಯಾದರೂ ಹೊರಬಂತು. ಹಿಂದಿನ ಚಕ್ರಗಳ ಮೇಲಿನ ಎಂಜಿನ್ ಭಾರ ಮತ್ತು ಇಳಿಸಿದ 60 ಕಿಲೋಗ್ರಾಂ ಎರಡೂ ಸಹಾಯ ಮಾಡಿದವೆಂದು ತಂಡ ನಂಬುತ್ತದೆ.

ಪೆಟ್ಟು ಬಿದ್ದದ್ದು ಯಾರೂ ವಾದ ಮಾಡದ ಜಾಗದಲ್ಲಿ. ಬಲಬದಿಯ ಬಾಗಿಲಿನ ಕೆಳಗಿನ ಎಣ್ಣೆ ಪೈಪುಗಳನ್ನು ಕಾರಿನ ಒಳಗಿನಿಂದ ಹಾಯಿಸಬೇಕೇ ಎಂಬ ಪ್ರಶ್ನೆ ಯುರೋಪಿನಲ್ಲೇ ಬಂದಿತ್ತು. ಒಳಗೆ ಶಾಖ ಹೆಚ್ಚುತ್ತದೆ, ಸೋರಿದರೆ ಕಾಲಬುಡದಲ್ಲೇ ಬಿಸಿ ಎಣ್ಣೆ ಎಂಬ ಕಾರಣಕ್ಕೆ ಹೊರಗೇ ಬಿಟ್ಟು ಉಕ್ಕಿನ ಕವಚ ಹೊದಿಸಲಾಗಿತ್ತು. ಅರ್ಧದಾರಿ ಮುಗಿದ ಮೇಲೆ ಒಂದು ಸ್ಟೇಜಿನಲ್ಲಿ, ಅಂದರೆ ಸಮಯ ಅಳೆದು ಓಡಿಸುವ ದಾರಿಯ ಒಂದು ಭಾಗದಲ್ಲಿ, ಕಾರು ಒಣಹಳ್ಳವೊಂದನ್ನು ದಾಟುವಾಗ ಬಂಡೆಯೊಂದು ಆ ಕವಚವನ್ನೇ ಒಳಕ್ಕೆ ಜಜ್ಜಿತು. ಪೈಪು ಕವಚದಡಿ ಸೀಳಿತು. ಸಹಚಾಲಕರಿಗೆ ಎಣ್ಣೆ ಸುಟ್ಟ ವಾಸನೆ ಬಂದಾಗ ಚಾಲಕರು ಎಣ್ಣೆಯ ಮಟ್ಟದ ಮಾಪಕ ನೋಡಿದರು, ಮುಳ್ಳು ಇಳಿಯುತ್ತಿತ್ತು.

ಸ್ಟೇಜಿನ ಅಂತ್ಯಕ್ಕೆ ಹತ್ತಾರು ಕಿಲೋಮೀಟರ್ ಬಾಕಿ. ಎಣ್ಣೆಯ ಒತ್ತಡ ಇನ್ನೂ ಸರಿಯಿರುವುದರಿಂದ ಹೀಗೇ ನುಗ್ಗಿ ಮುಗಿಸಿಬಿಡೋಣ ಎಂಬುದು ಟ್ರ್ಯಾಕಿನಲ್ಲಿ ಬೆಳೆದ ಚಾಲಕರ ಸಹಜ ಒಲವು. ಅವರು ಹಾಗೆ ಮಾಡಲಿಲ್ಲ. ತಕ್ಷಣ ಎಂಜಿನ್ ನಿಲ್ಲಿಸಿದರು. ಹಿಂದಿನ ಬಲ ಮಡ್‌ಗಾರ್ಡಿನಲ್ಲಿರುವ ಥರ್ಮೋಸ್ಟಾಟಿನ, ಅಂದರೆ ಬಿಸಿಯಾದ ಎಣ್ಣೆಯನ್ನು ಕೂಲರಿನತ್ತ ತಿರುಗಿಸುವ ಕವಾಟದ ಬಳಿ, ಮುಂದಿನ ಕೂಲರಿಗೆ ಹೋಗುವ ಮತ್ತು ಬರುವ ಎರಡು ಬಾಯಿಗಳನ್ನು ಒಂದು ತುಂಡು ಹೋಸಿನಿಂದ ಒಂದಕ್ಕೊಂದು ಜೋಡಿಸಿ, ಒಡೆದ ಪೈಪನ್ನೂ ಮುಂದಿನ ಕೂಲರನ್ನೂ ಸುತ್ತಿನಿಂದಲೇ ಹೊರಗಿಟ್ಟರು. ಆ ತುಂಡು ಹೋಸ್, ಕ್ಲಿಪ್ಪುಗಳು ಮತ್ತು ಎರಡು ಕ್ಯಾನ್ ಎಣ್ಣೆಯನ್ನು ಸಾಮಾನು ಇಳಿಸಿದ ದಿನ ಮೆಕ್ಯಾನಿಕ್ ಇಳಿಸಲು ಬಿಟ್ಟಿರಲಿಲ್ಲ. ಉಳಿದದ್ದು ಎಂಜಿನ್ನಿಗೇ ಅಂಟಿಕೊಂಡಿರುವ ಚಿಕ್ಕ ಕೂಲರ್ ಮಾತ್ರ. ಅದನ್ನೇ ನಂಬಿ, ಎಂಜಿನ್ ವೇಗವನ್ನು ನಿಮಿಷಕ್ಕೆ 3,500 ಸುತ್ತು ದಾಟಿಸದೆ, ಸ್ಟೇಜನ್ನು ಮುಗಿಸಿದರು. ಕಳೆದುಕೊಂಡ ಸಮಯ ದೊಡ್ಡದು. ಅದುವರೆಗೆ ಗಳಿಸಿದ್ದ ಸ್ಥಾನವೆಲ್ಲ ಹೋಯಿತು. ಎಂಜಿನ್ ಉಳಿಯಿತು, ಕಾರು ಕೊನೆಯ ದಿನದವರೆಗೆ ಓಡಿ ಪಟ್ಟಿಯ ನಡುಭಾಗದಲ್ಲಿ ಮುಗಿಸಿತು.

ಬಿಚ್ಚಿ ನೋಡಿದಾಗ

ಸ್ಪರ್ಧೆಯ ಬಳಿಕ ಕಾರನ್ನು ಪೂರ್ತಿ ಬಿಚ್ಚಲಾಯಿತು. ಡ್ರೈವ್ ಶಾಫ್ಟಿನ ಕೀಲುಗಳು ಸವೆದಿದ್ದರೂ ಮುರಿದಿರಲಿಲ್ಲ. ಸಿಲಿಂಡರುಗಳಲ್ಲಿ ಧೂಳಿನ ಗೀರು ಇರಲಿಲ್ಲ. ಓರೆಪಟ್ಟಿಗಳಲ್ಲಿ ಎರಡು ಮಡಚಿಕೊಂಡಿದ್ದವು. ಹಿಂದಿನ ಶಾಕ್ ಅಬ್ಸಾರ್ಬರುಗಳ ಎಣ್ಣೆ ಮಾತ್ರ ಸುಟ್ಟು ಕಪ್ಪಾಗಿತ್ತು, ಅಂದರೆ ಕಾರು ಇನ್ನೂ ಭಾರವೇ.

ಎಣ್ಣೆ ಪೈಪುಗಳ ವಿಷಯದಲ್ಲಿ ಗ್ಯಾರೇಜಿನ ಮೊದಲ ನಿರ್ಧಾರವನ್ನು ತಪ್ಪೆಂದು ತಳ್ಳಿಹಾಕುವುದು ನ್ಯಾಯವಲ್ಲ. ಒಳಗೆ ಹಾಯಿಸಿದ್ದರೂ ಅಪಾಯವಿತ್ತು. ಕೊರತೆ ಇದ್ದದ್ದು ಕವಚದ ವಿನ್ಯಾಸದಲ್ಲಿ. ಕವಚಕ್ಕೂ ಪೈಪಿಗೂ ನಡುವೆ ಬೆರಳು ತೂರುವಷ್ಟೂ ಜಾಗವಿರಲಿಲ್ಲವಾದ್ದರಿಂದ ಕವಚದ ಮೇಲೆ ಬಿದ್ದ ಏಟು ನೇರವಾಗಿ ಪೈಪಿಗೇ ತಾಗಿತು. ಹೊಸ ಯೋಜನೆಯಲ್ಲಿ ಪೈಪುಗಳು ಒಳಗೆ ಬರಲಿವೆ, ಅವುಗಳ ಸುತ್ತ ಪ್ರತ್ಯೇಕ ಮುಚ್ಚಿದ ಆವರಣವಿರುತ್ತದೆ.

ಇದನ್ನೋದಿ ಚಿಕ್ಕಮಗಳೂರಿನ ತೋಟದ ರಸ್ತೆಗಳಲ್ಲಿ ಇಂಥದ್ದೇನಾದರೂ ಮಾಡಬೇಕೆಂದು ಕೈ ತುರಿಸುವವರಿಗೆ ಒಂದು ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಮತ್ತು ಅದರ ಬಗ್ಗೆ 2019ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಪ್ರಕಾರ, ನೋಂದಣಿಯಾದ ವಾಹನವನ್ನು ತಯಾರಕರ ಮೂಲ ವಿವರಗಳಿಗೆ ಹೊಂದದಂತೆ ಬದಲಿಸಿ ಸಾರ್ವಜನಿಕ ರಸ್ತೆಯಲ್ಲಿ ಓಡಿಸುವಂತಿಲ್ಲ. ಸ್ಪರ್ಧೆಯ ಕಾರಿನ ದಾರಿ ಬೇರೆ. ಅದಕ್ಕೆ ಕ್ರೀಡಾ ಒಕ್ಕೂಟದ ಪರವಾನಗಿ, ತಪಾಸಣೆ, ಮುಚ್ಚಿದ ರಸ್ತೆ ಎಲ್ಲವೂ ಬೇಕು.

ಎತ್ತರದ ಬಗ್ಗೆ ತಂಡದಲ್ಲಿ ಇನ್ನೂ ಒಮ್ಮತವಿಲ್ಲ. ಮೊದಲಿನ 28 ಸೆಂಟಿಮೀಟರ್ ಇದ್ದಿದ್ದರೆ ಆ ಬಂಡೆ ತಾಗುತ್ತಲೇ ಇರಲಿಲ್ಲ ಎಂಬುದು ಚಾಲಕರ ವಾದ. ಆ ಎತ್ತರದಲ್ಲಿ ಕಾರು ಆ ಬಂಡೆಯವರೆಗೆ ಬರುತ್ತಲೇ ಇರಲಿಲ್ಲ ಎಂಬುದು ಮೆಕ್ಯಾನಿಕ್ ಅವರ ಉತ್ತರ. ಮುಂದಿನ ಸ್ಪರ್ಧೆಗೆ ಚಾಲಕರು ಹೆಚ್ಚು ಉದ್ದದ ಶಾಕ್ ಅಬ್ಸಾರ್ಬರುಗಳನ್ನು ಮಾಡಿಸುತ್ತಿದ್ದಾರೆ. ಎತ್ತರವೂ ಬೇಕು, ಚಕ್ರ ಇಳಿಯಲು ಜಾಗವೂ ಬೇಕು ಎಂಬ ಲೆಕ್ಕ. ಅವು ಕೂರಬೇಕಾದರೆ ಹಿಂದಿನ ಮೇಲ್ಕಟ್ಟನ್ನು ಬಲಪಡಿಸಬೇಕು, ಬಲಪಡಿಸಿದರೆ ತೂಕ ಏರುತ್ತದೆ. ಎಷ್ಟು ಏರುತ್ತದೆ ಎಂದು ನೈರೋಬಿಯಿಂದ ಮೆಕ್ಯಾನಿಕ್ ಬರೆದು ಕೇಳಿದ್ದಾರೆ, ಗ್ಯಾರೇಜು ಇನ್ನೂ ಉತ್ತರಿಸಿಲ್ಲ.